ಹಡಗಿನ ಪರದೆ ಹೊಲಿದ ಹತ್ತು ದಿನ

ಮಖಮಲ್ಲಿನ ಎರಡು ಥಾನುಗಳು ನಮ್ಮ ಗೋದಾಮಿಗೆ ಬಂದದ್ದು ಹತ್ತಿಯ ಸುಗ್ಗಿಯಲ್ಲಿ. ಮೊದಲ ತೊಂದರೆ ಅದೇ. ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮ ಪರದೆ ಹೊಲಿಯುವ ಕೆಲಸ ನಡೆಯುತ್ತದೆ. ಆ ತಿಂಗಳುಗಳಲ್ಲಿ ಜಿನ್ನಿಂಗ್ ಮಿಲ್ಲುಗಳಿಂದ ಎದ್ದ ಅರಳೆಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಊಟದ ಡಬ್ಬಿಯ ಮೇಲೂ ಕೂರುತ್ತವೆ. ಕಲ್ಯಾಣ ಮಂಟಪದ ನೈಲಾನ್ ಪರದೆಗೆ ಅಂಟಿದರೆ ಕೊಡವಿದರಾಯಿತು. ಕಡುಗೆಂಪು ಮಖಮಲ್ಲಿಗೆ ಅಂಟಿದರೆ ಅದು ಬಿಡುವುದಿಲ್ಲ.

ಬಟ್ಟೆ ಚೆನ್ನೈಯಿಂದ ಬಂದಿತ್ತು. ಪ್ರವಾಸಿಗರನ್ನು ಒಯ್ಯುವ ದೊಡ್ಡ ಹಡಗೊಂದರಲ್ಲಿ ಹಾಡು, ಕುಣಿತ ನಡೆಯುವ ಸಭಾಂಗಣವಿದೆಯಂತೆ. ನೀರಿನ ಕೊಳವೆ ಒಡೆದು ಅದರ ವೇದಿಕೆಯ ಪರದೆ ಕಲೆಗಟ್ಟಿತ್ತು. ಹಡಗಿನ ಒಳಗಿನ ಕೆಲಸ ಹಿಡಿದಿದ್ದ ಕಂಟ್ರಾಕ್ಟರು ನಮ್ಮ ಮಾಲಕರಿಗೆ ಬೀಗರ ಕಡೆಯವರು. ಅಲ್ಲಿನ ಹೊಲಿಗೆಯವರ ಕೈ ಖಾಲಿ ಇಲ್ಲವೆಂದು ಕೆಲಸವನ್ನು ಇಲ್ಲಿಗೆ ಕಳಿಸಿದ್ದರು.

ಮಾಲಕರು ನಮ್ಮಿಬ್ಬರನ್ನು ಕರೆದರು. ಒಬ್ಬಳು ನಾನು. ಇನ್ನೊಬ್ಬಳು ಮಾಧವರಂನ ಹುಡುಗಿ. ಪೂಜೆ ಪುನಸ್ಕಾರದ ಮನೆತನದವಳು, ಇಪ್ಪತ್ತಾರರ ವಯಸ್ಸು, ಮದುವೆಯಾಗಿ ಆದೋನಿಗೆ ಬಂದವಳು. ನಮ್ಮಲ್ಲಿ ಸೇರಿ ನಾಲ್ಕು ವರ್ಷವಾಗಿತ್ತು. ಆಕೆಗೆ ಕತ್ತರಿ ಹಿಡಿಯುವುದನ್ನು ಕಲಿಸಿದವಳು ನಾನೇ.

“ಎಂಟು ಪನ್ನ, ಎರಡು ಭಾಗ, ಹತ್ತು ದಿನ,” ಎಂದರು ಮಾಲಕರು. “ಹಡಗು ಹತ್ತನೇ ದಿನ ಬೆಳಿಗ್ಗಿ ಬರ್ತೈತಿ, ಅದೇ ರಾತ್ರಿ ಹೊಂಟು ಹೋಗ್ತೈತಿ. ತಗುಲ್ಹಾಕಿದ ಮ್ಯಾಲೆ ನಿಮ್ಮಿಬ್ಬರಾಗ ಒಬ್ಬರು ಅದರ ಕೂಡ ಐದು ದಿನ ಹೋಗಬೇಕಂತ.”

“ಹಡಗಿನಾಗ?” ಎಂದೆ.

“ಮತ್ತೆಲ್ಲಿ? ಶ್ರೀಲಂಕಾದ ಕಡಿ ಹೋಗಿ ವಾಪಸ್ ಬರ್ತೈತಿ. ಹೊಸ ಪರದಿ ಜೋತು ಬಿದ್ದಂಗ ಕೆಳಗ ಇಳೀತೈತಿ, ಅಂಚು ಮತ್ತ ಸರಿ ಮಾಡಬೇಕು. ಬ್ಯಾರೆ ಸಣ್ಣ ಪರದಿಗಳೂ ಅದಾವಂತ. ನೀನು ಹೋಗಮ್ಮಾ. ನಿನ್ನ ಹತ್ರ ಪಾಸ್‌ಪೋರ್ಟ್ ಐತಲ್ಲ?”

ಇತ್ತು. ಕುವೈತಿನಲ್ಲಿ ಮನೆಗೆಲಸಕ್ಕೆ ಹೋಗಬೇಕೆಂದು ಒಂದು ಕಾಲದಲ್ಲಿ ಮಾಡಿಸಿದ್ದು. ಹೊರಡುವ ವಾರ ಮಗಳಿಗೆ ಟೈಫಾಯ್ಡ್ ಆಗಿ ನಿಂತೆ. ಆಮೇಲೆ ಮತ್ತೆ ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಪುಸ್ತಕ ಮಾತ್ರ ಸೀರೆಗಳ ಕೆಳಗೆ ಹಾಗೇ ಇತ್ತು, ಒಂದು ಮೊಹರೂ ಬೀಳದೆ. ಆ ರಾತ್ರಿ ಅದನ್ನು ತೆಗೆದು ಗಂಡನಿಗೆ ತೋರಿಸಿದೆ. ಆಸ್ಪರಿಯಿಂದ ಆದೋನಿಗೆ ಬಂದದ್ದೇ ನನ್ನ ಅತಿ ದೂರದ ಪ್ರಯಾಣ ಎಂದು ಅವನು ಯಾವಾಗಲೂ ಚೇಷ್ಟೆ ಮಾಡುತ್ತಿದ್ದ. ಅಂದು ಮಾಡಲಿಲ್ಲ. “ಹೋಗಿ ಬಾ” ಎಂದ.

ಮರುದಿನ ಮಾಲಕರು ಪಾಸ್‌ಪೋರ್ಟಿನ ಫೋಟೋ ಕಳಿಸಿದರು. ಅರ್ಧ ಗಂಟೆಯಲ್ಲಿ ಚೆನ್ನೈಯಿಂದ ಫೋನು ಬಂತು. ಅವಧಿ ಮುಗಿಯಲು ನಾಲ್ಕೇ ತಿಂಗಳು ಉಳಿದಿದೆ, ಆರು ತಿಂಗಳಾದರೂ ಇರಬೇಕು, ಹೆಸರಿನ ಪಟ್ಟಿ ಇವತ್ತೇ ಹೋಗಬೇಕು. ಮಾಲಕರು ಫೋನು ಕಿವಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಹಿಂದಿನಿಂದ ಮಾಧವರಂನ ಹುಡುಗಿ ಮೆಲ್ಲಗೆ, “ನನ್ನದೊಂದು ಅದರಿ, ಸಾವ್ಕಾರ್ರ,” ಎಂದಳು.

ಆಕೆಯ ತಂದೆಯನ್ನು ಯಾರೋ ಭಕ್ತರು ವಿದೇಶಕ್ಕೆ ಪೂಜೆ ಮಾಡಿಸಲು ಕರೆದಿದ್ದಾಗ ಮನೆಮಂದಿಗೆಲ್ಲ ಮಾಡಿಸಿದ್ದರಂತೆ. ಇನ್ನೂ ಆರು ವರ್ಷ ನಡೆಯುತ್ತದೆ. ಜೊತೆಗೆ ಕಾನ್ವೆಂಟಿನ ಇಂಗ್ಲಿಷು. ಕಂಟ್ರಾಕ್ಟರು ಆಕೆಯ ಜೊತೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಪಟ್ಟಿಗೆ ಆಕೆಯ ಹೆಸರು ಹೋಯಿತು.

ನಾನು ಹೋಗಿ ಬಾಗಿಲಿಗೆ ಕಟ್ಟಲು ಗೋಣಿಚೀಲಗಳನ್ನು ನೆನೆಸಿದೆ. ಅರಳೆ ಒಳಗೆ ಬರದಂತೆ ಬಾಗಿಲು, ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟು, ಎರಡು ಗಂಟೆಗೊಮ್ಮೆ ನೀರು ಚಿಮುಕಿಸಬೇಕಿತ್ತು. ನೆಲಕ್ಕೆ ಬಿಳಿ ದುಪಟಿ ಹಾಸಿದೆವು. ಫ್ಯಾನು ಹಾಕುವಂತಿಲ್ಲ. ಹೊರಗೆ ಬಿಸಿಲು, ಒಳಗೆ ಸೆಕೆ. ಆಕೆ ಕೆಲಸದ ನಡುವೆ ಕೇಳುತ್ತಿದ್ದಳು: “ಅಕ್ಕಾ, ಹಡಗಿನೊಳಗ ತಲಿ ತಿರುಗಿ ವಾಂತಿ ಆಗ್ತದಂತ, ಹೌದೇನು?” “ಅಕ್ಕಾ, ಸ್ವೆಟರ್ ಬೇಕಾಗ್ತದೇನು?”

“ನಂಗೇನು ಗೊತ್ತವ್ವಾ. ನಾ ಏನ್ ಹಡಗಿನಾಗ ಹುಟ್ಟೇನಾ?” ಎಂದೆ ಒಮ್ಮೆ. ಆಮೇಲೆ ಆಕೆ ಕೇಳಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಹೊಸ ಚೀಲವೊಂದನ್ನು ಪಕ್ಕದ ಮಿಷಿನ್ನಿನವಳಿಗೆ ತೋರಿಸುತ್ತಿದ್ದಳು. ನೀಲಿ ಬಣ್ಣದ್ದು, ಚಕ್ರವಿದ್ದದ್ದು. ನಾನು ನೋಡಲಿಲ್ಲವೆಂಬಂತೆ ಊಟ ಮಾಡಿದೆ. ಚೀಲದ ಜಿಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಈಗಲೂ ಹೇಳಬಲ್ಲೆ.

ಮಖಮಲ್ಲು ಹೊಲಿಯುವುದು ಬೇರೆ ಬಟ್ಟೆ ಹೊಲಿದಂತಲ್ಲ. ಥಾನಿನ ಪೂರ್ತಿ ಅಗಲ ಇಟ್ಟುಕೊಂಡು ಕತ್ತರಿಸಿದ ಉದ್ದನೆಯ ತುಂಡಿಗೆ ನಾವು ಪನ್ನ ಎನ್ನುತ್ತೇವೆ. ಇಲ್ಲಿ ಒಂದೊಂದು ಪನ್ನವೂ ಹದಿನಾರು ಅಡಿಗಿಂತ ಹೆಚ್ಚು. ಎರಡು ಪನ್ನಗಳನ್ನು ಎದುರುಬದುರು ಇಟ್ಟು ಮಿಷಿನ್ನಿಗೆ ಕೊಟ್ಟರೆ ಮೇಲಿನದು ಜಾರಿ, ಕೊನೆ ಮುಟ್ಟುವ ಹೊತ್ತಿಗೆ ನಾಲ್ಕು ಬೆರಳು ಮುಂದೆ ಹೋಗಿರುತ್ತದೆ. ಹಾಗಾಗಿ ಮೊದಲು ಉದ್ದಕ್ಕೂ ಕೈಯಿಂದ ಕಚ್ಚಾ ಹೊಲಿಗೆ ಹಾಕಬೇಕು. ಇಸ್ತ್ರಿ ಮುಟ್ಟಿಸುವಂತಿಲ್ಲ, ಹಿಂಬದಿಯಿಂದ ಹಬೆ ತೋರಿಸಬೇಕು ಅಷ್ಟೆ. ಒಮ್ಮೆ ಸೂಜಿ ಚುಚ್ಚಿದ ತೂತು ಮುಚ್ಚುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಅದರ ರೋಮ. ಬೆಕ್ಕಿನ ಮೈಯಂತೆ ಮಖಮಲ್ಲಿಗೂ ಒಂದು ದಿಕ್ಕಿದೆ. ಒಂದು ಕಡೆ ಸವರಿದರೆ ಕೈ ಜಾರುತ್ತದೆ, ಇನ್ನೊಂದು ಕಡೆ ಸವರಿದರೆ ತಡೆಯುತ್ತದೆ. ಎಲ್ಲ ಪನ್ನಗಳ ರೋಮವೂ ಒಂದೇ ಕಡೆ ಇರಬೇಕು. ಒಂದು ತಲೆಕೆಳಗಾದರೂ ದೀಪದ ಬೆಳಕಿನಲ್ಲಿ ಅದು ಬೇರೆ ಬಣ್ಣದ ಬಟ್ಟೆಯಂತೆ ಕಾಣುತ್ತದೆ. ಅದಕ್ಕೆ ಪ್ರತಿ ತುಂಡನ್ನೂ ಅಂಗೈಯಿಂದ ಸವರಿ, ಹಿಂಬದಿಗೆ ಸೀಮೆಸುಣ್ಣದಲ್ಲಿ ಬಾಣ ಬರೆಯಬೇಕು. ಇದನ್ನು ಆಕೆಗೆ ಹೇಳಿಕೊಟ್ಟವಳೂ ನಾನೇ.

ಎಡಭಾಗದ ನಾಲ್ಕು ಪನ್ನ ಆಕೆಯದು, ಬಲಭಾಗದ ನಾಲ್ಕು ನನ್ನದು. ಆಕೆಯ ಥಾನಿನಲ್ಲಿ ಮೂರನೆಯ ಪನ್ನದ ನಡುವೆ ನೇಯ್ಗೆಯ ಎಳೆ ತಪ್ಪಿತ್ತು. ಅದನ್ನು ಬಿಟ್ಟು ನನ್ನ ಥಾನಿನ ಉಳಿಕೆಯಿಂದ ಒಂದು ಪನ್ನ ಕತ್ತರಿಸಿಕೊಂಡಳು. ನನ್ನ ಥಾನು ಇನ್ನೊಂದು ಕೊನೆಯಿಂದ ಸುತ್ತಿದ್ದು, ಬಿಡಿಸಿದರೆ ಅದರ ರೋಮ ಎದುರು ದಿಕ್ಕಿಗೆ ಬರುತ್ತಿತ್ತು. ಆ ಹೊತ್ತಿಗೆ ಆಕೆಗೆ ಕಾಗದಪತ್ರದ ವಿಚಾರವಾಗಿ ಚೆನ್ನೈಯಿಂದ ಫೋನು ಬಂತು. ಮಾತಾಡುತ್ತಲೇ ಬಾಣ ಬರೆದಳು. ಸವರಿ ನೋಡಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಆರನೆಯ ದಿನ ಸಂಜೆ. ಎಡಭಾಗದ ನಾಲ್ಕೂ ಪನ್ನ ಜೋಡಿಸಿ ನೆಲದ ಮೇಲೆ ಹರಡಿದ್ದೆವು. ಆಕೆ ಚಹಾಕ್ಕೆ ಹೋಗಿದ್ದಳು. ಗೋಣಿಗೆ ನೀರು ಹಾಕಲೆಂದು ಪಡುವಣ ಕಿಟಕಿಯ ಚೀಲ ಎತ್ತಿದೆ. ಬಿಸಿಲು ಓರೆಯಾಗಿ ಬಟ್ಟೆಯ ಮೇಲೆ ಬಿತ್ತು. ಮೂರನೆಯ ಪನ್ನ ಕಪ್ಪಾಗಿ ಕಂಡಿತು. ಥಾನು ಬೇರೆಯಾದದ್ದರಿಂದ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸವಿರಬಹುದೆಂದುಕೊಂಡು ಕೂತು ಸವರಿದೆ. ಎರಡನೆಯದರಲ್ಲಿ ಕೈ ಜಾರಿತು. ಮೂರನೆಯದರಲ್ಲಿ ತಡೆಯಿತು.

ಎದ್ದು ಗೋಣಿಯನ್ನು ಮತ್ತೆ ಇಳಿಬಿಟ್ಟೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಾಲ್ಕೂ ಒಂದೇ ಬಣ್ಣವಾದವು.

ಆಕೆ ನನಗೂ ಒಂದು ಲೋಟ ಚಹಾ ತಂದಿದ್ದಳು. ಕುಡಿದೆ. ಈಗ ಹೇಳಬೇಕು, ಇನ್ನೊಂದು ಗಳಿಗೆಯಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ, ಹೇಳಲಿಲ್ಲ. ಹಡಗಿನ ದೀಪಗಳ ಮುಂದೆ ಆಕೆಯ ತಪ್ಪು ತಾನಾಗಿ ಕಾಣಲಿ, ಇಂಗ್ಲಿಷಿನಲ್ಲಿ ಉತ್ತರ ಕೊಡಲಿ ಎಂಬ ಯೋಚನೆ ಬಂತು. ಬಂದದ್ದನ್ನು ಓಡಿಸಲಿಲ್ಲ. ಮುಂದಿನ ಎರಡು ದಿನ ನೆರಿಗೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಮೇಲಂಚಿಗೆ ದಪ್ಪ ಕ್ಯಾನ್ವಾಸು ಇಟ್ಟು ನೆರಿಗೆ ಕೂರಿಸಿದೆ, ಹಿತ್ತಾಳೆಯ ಕಣ್ಣುಗಳನ್ನು ಹೊಡೆದೆ, ಕೆಳಮಡಿಕೆಯೊಳಗೆ ಭಾರಕ್ಕೆಂದು ಸರಪಳಿ ಇಳಿಸಿದೆ. ತಪ್ಪಾಗಿ ಕತ್ತರಿಸಿದ್ದು ಆಕೆ. ಆ ತಪ್ಪನ್ನು ನೋಡಿಕೊಂಡೇ ಅಚ್ಚುಕಟ್ಟಾಗಿ ಹೊಲಿದದ್ದು ನಾನು.

ಒಂಬತ್ತನೆಯ ದಿನ ಪರದೆ ಟೆಂಪೋದಲ್ಲಿ ಹೊರಟಿತು. ತಗುಲಿಹಾಕಲು ನನಗೂ ಒಂದು ದಿನದ ಪಾಸು ಮಾಡಿಸಿದ್ದರು. ಸಂಜೆ ಐದೂವರೆಯೊಳಗೆ ನಾನು ಹಡಗಿನಿಂದ ಇಳಿಯಬೇಕು. ನಾವಿಬ್ಬರೂ ರೈಲಿನಲ್ಲಿ ಹೋದೆವು. ಆಕೆಯ ನೀಲಿ ಚೀಲ ನನ್ನ ಕಾಲ ಬಳಿಯೇ ಇತ್ತು.

ಬಂದರಿನೊಳಗೆ ಹೋದಾಗ ಮೊದಲು ಹಡಗು ಎಲ್ಲಿದೆಯೆಂದು ತಿಳಿಯಲಿಲ್ಲ. ಎದುರಿಗೆ ಬಿಳಿಯ ದೊಡ್ಡ ಕಟ್ಟಡವಿದೆ ಎಂದುಕೊಂಡೆ. ಕಿಟಕಿಗಳು, ಬಾಲ್ಕನಿಗಳು. ಅದೇ ಹಡಗು. ಸಾಮಾನು ಹೋಗುವ ಕೆಳಬಾಗಿಲಿನಿಂದ ನಮ್ಮನ್ನು ಒಳಗೆ ಬಿಟ್ಟರು. ಉದ್ದನೆಯ ಕಬ್ಬಿಣದ ಓಣಿ, ಈರುಳ್ಳಿ ಮೂಟೆಗಳು, ಸಾಬೂನಿನ ವಾಸನೆ. ಒಂದು ಬಾಗಿಲು ದಾಟಿದ ಕೂಡಲೇ ಕಾಲ ಕೆಳಗೆ ಮೆತ್ತನೆಯ ಜಮಖಾನ. ಅಲ್ಲಿಂದ ಮುಂದೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಹನ್ನೊಂದು ಗಂಟೆಗೆ ಪರದೆ ಮೇಲೇರಿತು. ವೇದಿಕೆಯ ಉಸ್ತುವಾರಿಯ ಹೆಂಗಸು ಬಿಳಿ ಅಂಗಿಯಲ್ಲಿ ನಿಂತು ಕೈ ಎತ್ತಿದಳು. ಪಕ್ಕದಿಂದ ದೀಪಗಳು ಬಿದ್ದವು. ಬಲಭಾಗ ಒಂದೇ ಹಾಳೆಯಂತೆ ಹೊಳೆಯಿತು. ಎಡಭಾಗದ ನಡುವೆ ಮೇಲಿನಿಂದ ಕೆಳಗಿನವರೆಗೆ ಕಪ್ಪು ಪಟ್ಟೆ.

ಆ ಹೆಂಗಸು ಕಂಟ್ರಾಕ್ಟರಿಗೆ ಏನೋ ಹೇಳಿದಳು. ಮಾಧವರಂನ ಹುಡುಗಿ ಓಡಿಹೋಗಿ ಪನ್ನವನ್ನು ಸವರಿದಳು, ಮೇಲಕ್ಕೆ ಒಮ್ಮೆ, ಕೆಳಕ್ಕೆ ಒಮ್ಮೆ. ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, ತಪ್ಪು ತನ್ನದೆಂದು ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಹೇಳಿದಳು. ಆಕೆ ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ.

ಕಂಟ್ರಾಕ್ಟರ ಮುಖ ಕೆಂಪಾಗಿತ್ತು. ಇದನ್ನು ಬಿಚ್ಚಿ ಈ ಸಲಕ್ಕೆ ಕಲೆಯ ಹಳೇ ಪರದೆಯನ್ನೇ ಹಾಕಿಬಿಡೋಣ, ಹಾಗಾದರೆ ಯಾರೂ ಹಡಗಿನಲ್ಲಿ ಬರುವುದು ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಹಿರಿಯಳೆಂದು ಅವರಿಗೆ ಗೊತ್ತಿತ್ತು.

“ಸರಿಚೇಯಡಂ ಅವುತುಂದಾ, ಲೇದಾ? ಒಕ್ಕ ಮಾಟ ಚೆಪ್ಪಮ್ಮಾ.”

ಸರಿ ಮಾಡಲು ಆಗುತ್ತದೋ ಇಲ್ಲವೋ, ಒಂದು ಮಾತು. ಆಗುವುದಿಲ್ಲ ಎಂದರೆ ಯಾರೂ ನನ್ನನ್ನು ಅನುಮಾನಿಸುತ್ತಿರಲಿಲ್ಲ. ಮಖಮಲ್ಲು ಬಿಚ್ಚಿದರೆ ತೂತು ಉಳಿಯುತ್ತದೆ ಎಂದರೆ ಸಾಕಿತ್ತು; ಸುಳ್ಳೂ ಅಲ್ಲ. ಇಬ್ಬರೂ ಅದೇ ರಾತ್ರಿಯ ರೈಲಿಗೆ ವಾಪಸ್ಸು. ನೀಲಿ ಚೀಲವೂ ವಾಪಸ್ಸು. ಆ ಮಾತು ಬಾಯಿಯವರೆಗೆ ಬಂದಿತ್ತು. ನಾನು ಪರದೆ ನೋಡುತ್ತಿದ್ದೆ. ಎಡಭಾಗದ ನೆರಿಗೆಗಳೆಲ್ಲ ನನ್ನವು, ಒಂದರ ಪಕ್ಕ ಒಂದು ಸಮನಾಗಿ ಬಿದ್ದಿದ್ದವು, ಆ ಕಪ್ಪು ಪಟ್ಟೆಯದ್ದೂ. ಬಟ್ಟೆಯ ಎದುರು ನಿಂತು ಆಗುವುದಿಲ್ಲ ಎಂದು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿದ್ದರೆ ಅದು ಆಕೆಯಿಂದಾಗಿ ಹೇಳಿದ ಮಾತಾಗುತ್ತಿತ್ತು. ಅದನ್ನೂ ಸಹಿಸಲು ನನ್ನಿಂದಾಗಲಿಲ್ಲ.

“ಅವುತುಂದಿ,” ಎಂದೆ. ಆಗುತ್ತದೆ.

ಎಡಭಾಗವನ್ನು ಇಳಿಸಿ ವೇದಿಕೆಯ ಮೇಲೆ ಬಿಳಿ ದುಪಟಿ ಹಾಸಿ ಮಲಗಿಸಿದೆವು. ಮೂರನೆಯ ಪನ್ನದ ಎರಡೂ ಪಕ್ಕದ ಹೊಲಿಗೆ ಬ್ಲೇಡಿನಿಂದ ಬಿಚ್ಚಬೇಕು. ಮೇಲೆ ನೆರಿಗೆ, ಕೆಳಗೆ ಮಡಿಕೆ ಬಿಚ್ಚಬೇಕು. ಪನ್ನವನ್ನು ತಲೆಕೆಳಗು ಮಾಡಿ ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಮೇಲಂಚಿನ ಹಿತ್ತಾಳೆ ಕಣ್ಣುಗಳ ತೂತುಗಳು ಹೊಸ ಕೆಳಮಡಿಕೆಯೊಳಗೆ ಅಡಗುತ್ತವೆ. ಹಳೆಯ ಕೆಳಮಡಿಕೆಯ ತೂತುಗಳು ಈಗ ಮೇಲೆ ಬರುತ್ತವೆ, ಆದರೆ ಅಲ್ಲಿ ಅಡ್ಡಕ್ಕೆ ಇಳಿಬಿಟ್ಟ ಝಾಲರು ಒಂದು ಮೊಳ ಮುಚ್ಚುತ್ತದೆ. ಅದನ್ನು ನಾನು ಉತ್ತರ ಕೊಡುವ ಮೊದಲೇ ಕಣ್ಣಲ್ಲಿ ಅಳೆದಿದ್ದೆ. ಹಡಗಿನ ಬಟ್ಟೆ ಕೋಣೆಯಲ್ಲಿದ್ದ ಮಿಷಿನ್ನು ಸಣ್ಣದು, ಈ ದಪ್ಪಕ್ಕೆ ಸೂಜಿ ಮುರಿಯಿತು. ಕೈಯಲ್ಲೇ ಹೊಲಿಯುವುದೆಂದಾಯಿತು.

ಬಿಚ್ಚುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಆಕೆ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹಾಕುವ ಗಟ್ಟಿ ಹೊಲಿಗೆ, ಹದಿನಾರು ಅಡಿ. ನಡುವೆ ಇದ್ದದ್ದು ಆ ಒಂದೇ ಪನ್ನ. ಹೊರಗೆ ಪ್ರಯಾಣಿಕರು ಹತ್ತಲು ಶುರುಮಾಡಿದ್ದರು. ತಲೆಯ ಮೇಲೆ ಚಕ್ರದ ಚೀಲಗಳು ಉರುಳುವ ಸದ್ದು ಕೇಳುತ್ತಿತ್ತು.

“ಅಕ್ಕಾ,” ಎಂದಳು ಆಕೆ, ತಲೆ ಎತ್ತದೆ.

“ಹೂಂ.”

“ಇದನ್ನ ನೀವು ಮೊದಲೇ ನೋಡಿದ್ರಿ ಅಲ್ಲ?”

ನನ್ನ ಸೂಜಿ ನಿಂತಿತು.

“ನೆರಿಗಿ ಹಿಡಿದವರು ನೀವು,” ಎಂದಳು. “ನಿಮ್ಮ ಕೈಗೆ ಗೊತ್ತಾಗದೇ ಇರ್ತದೇನು?”

“ನೋಡಿದ್ದೆ,” ಎಂದೆ.

ಆಕೆ ಏನಾದರೂ ಹೇಳುತ್ತಾಳೆಂದು ಕಾದೆ. ನಾಲ್ಕು ಹೊಲಿಗೆ ಹಾಕಿದಳು. ಐದನೆಯದು ಹಾಕಿ, “ದಾರ ತೀರ್ತು. ಕೊಡ್ರಿ,” ಎಂದು ಕೈ ಚಾಚಿದಳು. ನಾನು ದಾರ ಕತ್ತರಿಸಿ, ಆಕೆಯ ಸೂಜಿಗೆ ನಾನೇ ಪೋಣಿಸಿ ಕೊಟ್ಟೆ. ಅದಾದ ಮೇಲೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಐದಕ್ಕೆ ಪರದೆ ಮತ್ತೆ ಮೇಲೇರಿತು. ದೀಪ ಬಿತ್ತು. ಎಂಟೂ ಒಂದೇ ಬಣ್ಣ. ಉಸ್ತುವಾರಿಯ ಹೆಂಗಸು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ ಆಕೆಯ ಕೈ ಕುಲುಕಿದಳು. ನನ್ನ ಕೈಯನ್ನೂ ಕುಲುಕಿದಳು, ಆದರೆ ಮೊದಲು ಆಕೆಯದು. ಇಷ್ಟೆಲ್ಲ ಆದ ಮೇಲೂ ನಾನು ಅದನ್ನು ಗಮನಿಸಿದೆ.

ನಾನು ಇಳಿಯುವಾಗ ಆಕೆ ಕೆಳಬಾಗಿಲಿನವರೆಗೆ ಬಂದಳು. “ಹುಷಾರಾಗಿ ಹೋಗ್ರಿ, ಅಕ್ಕಾ,” ಎಂದಳು. “ಅಂಚು ನೋಡ್ಕೊ. ಎರಡನೇ ದಿನಕ್ಕ ಇಳೀತೈತಿ,” ಎಂದೆ. ಅಷ್ಟೆ.

ಕಂಟ್ರಾಕ್ಟರಿಗೆ ಇನ್ನೇನೋ ಸಹಿಗಳು ಬಾಕಿ ಇದ್ದದ್ದರಿಂದ ನನ್ನನ್ನು ಸ್ಟೇಷನ್ನಿಗೆ ಬಿಡಬೇಕಿದ್ದ ಅವರ ವ್ಯಾನು ಹಡಗು ಹೊರಡುವವರೆಗೆ ಬಂದರಿನಲ್ಲೇ ನಿಂತಿತು. ಕತ್ತಲಾಯಿತು. ನಾನು ಒಂದು ಶೆಡ್ಡಿನ ಗೋಡೆಗೆ ಒರಗಿ ಕೂತೆ. ಕತ್ತಲಾದಂತೆ ಹಡಗು ದೊಡ್ಡದಾಗುತ್ತ ಹೋಯಿತು. ಸಾಲುಸಾಲಾಗಿ ದೀಪ ಹತ್ತಿದವು, ಅವುಗಳ ಬೆಳಕು ಎಣ್ಣೆ ಕಟ್ಟಿದ ನೀರಿನಲ್ಲಿ ನಡುಗುತ್ತಿತ್ತು. ಮೇಲಿನ ಅಂತಸ್ತುಗಳ ಕಟಕಟೆಗೆ ಜನ ಬಂದು ನಿಂತರು. ಹೆಂಗಸರು ಕೂದಲು ಬಿಟ್ಟುಕೊಂಡು ಗಾಳಿಗೆ ಮುಖ ಕೊಟ್ಟಿದ್ದರು. ಒಬ್ಬಳು ನನ್ನ ವಯಸ್ಸಿನವಳು, ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಲೋಟ ಹಿಡಿದು ಕೆಳಗೆ ನೋಡುತ್ತಿದ್ದಳು. ನನ್ನ ಕಡೆಗೇ ನೋಡಿದಂತಿತ್ತು; ಕತ್ತಲಲ್ಲಿ ನಾನು ಕಾಣುತ್ತಿರಲಿಲ್ಲವೆಂದು ತೋರುತ್ತದೆ.

ಮಾಧವರಂನ ಹುಡುಗಿಯನ್ನು ಒಂದೊಂದೇ ಸಾಲಿನಲ್ಲಿ ಹುಡುಕಿದೆ. ಅವಳು ಅಲ್ಲಿ ನಿಂತಿರುತ್ತಾಳೆ, ಗಾಳಿಗೆ ಸೆರಗು ಹಿಡಿದುಕೊಂಡು ನಗುತ್ತಿರುತ್ತಾಳೆ ಎಂದು ಖಚಿತವಾಗಿತ್ತು. ನನ್ನ ಎದೆಯಲ್ಲಿ ಕಾರ ಅರೆದಂತಾಗುತ್ತಿತ್ತು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಅಂಗಿ ತೊಟ್ಟ ಆಳುಗಳು ದಡದ ಗೂಟಗಳಿಂದ ದಪ್ಪ ಹಗ್ಗದ ಕುಣಿಕೆಗಳನ್ನು ಎತ್ತಿ ನೀರಿಗೆ ಬಿಟ್ಟರು. ಹಡಗು ಅವನ್ನು ನೀರು ಸುರಿಸುತ್ತ ಒಳಗೆಳೆದುಕೊಂಡಿತು. ಕೊನೆಯ ಹಗ್ಗ ಗೂಟಕ್ಕೇ ಸಿಕ್ಕಿಕೊಳ್ಳಲಿ, ಬರದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ನಿಜವಾಗಿ ಬೇಡಿಕೊಂಡೆ. ಅದು ಸಲೀಸಾಗಿ ಬಂತು.

ಹಡಗು ಒಮ್ಮೆ ಕೂಗಿತು. ಶೆಡ್ಡಿನ ತಗಡು ಅದುರಿತು. ದಡದ ಕಟ್ಟೆಗೂ ಹಡಗಿಗೂ ನಡುವೆ ನೀರಿನ ಕಪ್ಪು ಗೆರೆಯೊಂದು ಕಂಡಿತು. ನೋಡುತ್ತಿದ್ದಂತೆ ಅದು ಓಣಿಯಷ್ಟಾಯಿತು, ಆಮೇಲೆ ಬೀದಿಯಷ್ಟು. ಹಡಗಿನ ಮೇಲಿನಿಂದ ಕೇಳುತ್ತಿದ್ದ ಸಂಗೀತ ದೂರವಾಯಿತು. ನಾನು ಎದ್ದು ನಿಂತೆ, ಯಾಕೆಂದು ಗೊತ್ತಿಲ್ಲ. ದೀಪಗಳೆಲ್ಲ ಒಂದು ಮುಷ್ಟಿಯಷ್ಟಾಗುವವರೆಗೆ ನಿಂತೇ ಇದ್ದೆ.

ಹಡಗು ಹೊರಟ ಏಳನೆಯ ದಿನ ಆಕೆ ಕೆಲಸಕ್ಕೆ ಬಂದಳು. ಎಲ್ಲರೂ ಸುತ್ತ ಕೂತು ಕೇಳಿದರು. ಅಲ್ಲಿಯ ಊಟದಲ್ಲಿ ಈರುಳ್ಳಿ ಇಲ್ಲದ್ದು ಹುಡುಕಿ ಸಾಕಾಯಿತೆಂದಳು, ಎರಡು ದಿನ ವಾಂತಿಯಾಯಿತೆಂದಳು, ಪರದೆಯ ಅಂಚು ಎರಡು ಬೆರಳು ಇಳಿದಿತ್ತೆಂದಳು. ನಾನು ಮಿಷಿನ್ನು ತುಳಿಯುತ್ತಲೇ ಇದ್ದೆ. ಒಂದನ್ನೂ ಕೇಳಲಿಲ್ಲ. ನಾಲ್ಕಾರು ದಿನ ಹಾಗೇ ಕಳೆದವು. ಆಕೆ ನನ್ನ ಮೇಲೆ ಸಿಟ್ಟಾಗಿದ್ದಂತೆಯೂ ಕಾಣಲಿಲ್ಲ, ನನಗೆ ಅದೂ ಕಷ್ಟವಾಗಿತ್ತು. ಮಾಲಕರಿಗೆ ಆಕೆ ಏನೂ ಹೇಳಿರಲಿಲ್ಲ. ನಾನೇ ಹೋಗಿ ಹೇಳಿದೆ. ಅವರು, “ಇನ್ನೊಮ್ಮಿ ಹಂಗ ಮಾಡಬ್ಯಾಡಮ್ಮಾ,” ಎಂದರು.

ಅದೇ ವಾರ ಒಂದು ಮಧ್ಯಾಹ್ನ ಗೋದಾಮಿನಲ್ಲಿ ನಾವಿಬ್ಬರೇ ಇದ್ದೆವು. ಯಾವುದೋ ಮದುವೆ ಮಂಟಪದ ಝಾಲರಿಗೆ ಗೊಂಡೆ ಕಟ್ಟುತ್ತಿದ್ದೆವು.

“ಅಕ್ಕಾ, ಒಂದು ಕೇಳ್ತೀನಿ,” ಎಂದಳು. “ಆ ರಾತ್ರಿ ಹಡಗು ಹೊಂಟದ್ದು ನೀವು ನೋಡಿದ್ರಿ ಅಲ್ಲ? ಹ್ಯಾಂಗಿತ್ತು?”

“ನೀ ಅದರಾಗೇ ಇದ್ದಿ. ನನ್ನ ಕೇಳ್ತಿಯಲ್ಲ?”

“ನಾ ಕೆಳಗ ಇಸ್ತ್ರಿ ಕೋಣ್ಯಾಗ ಇದ್ದೆ. ಕಿಟಕಿ ಇಲ್ಲ, ಏನಿಲ್ಲ. ಸಣ್ಣ ಪರದಿ ರಾಶಿ ಹಾಕಿ ಹೋಗಿದ್ರು. ಸ್ವಲ್ಪ ಹೊತ್ತಿನ ಮ್ಯಾಲೆ ಇಸ್ತ್ರಿಪೆಟ್ಟಿಗಿ ತಾನೇ ಜಾರ್ಲಿಕ್ಕೆ ಹತ್ತಿತು. ಆಗ ಗೊತ್ತಾತು, ಹೊಂಟದ ಅಂತ. ವಾಪಸ್ ಬಂದಾಗ ಹಗಲಿತ್ತು. ಐದೂ ದಿನ ಮ್ಯಾಲೆ ಹೋಗಲಿಕ್ಕೆ ಬಿಡಲಿಲ್ಲ, ಅಕ್ಕಾ. ಪ್ರಯಾಣಿಕರಿಗಷ್ಟೇ ಅಂದ್ರು.”

ನನಗೆ ಒಳಗೊಳಗೇ ಸಂತೋಷವಾಯಿತು. ಮುಚ್ಚಿಡುವುದಿಲ್ಲ. ಆಕೆಯ ಹತ್ತಿರ ಇಲ್ಲದ್ದೊಂದು ನನ್ನ ಹತ್ತಿರ ಇತ್ತು. ಏನಿಲ್ಲ, ಹೋಯಿತು ಅಷ್ಟೇ ಎಂದು ಹೇಳಿ ಅದನ್ನು ನನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಆಕೆ ಗೊಂಡೆ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಳು. ಹಡಗಿನಲ್ಲಿ ದಾರಕ್ಕೆ ಕೈ ಚಾಚಿದ ಮೇಲೆ ಆಕೆ ನನ್ನನ್ನು ಕೇಳಿದ ಮೊದಲ ಸಂಗತಿ ಅದು.

ಹೇಳಿದೆ. ಶೆಡ್ಡಿನ ಗೋಡೆಯಿಂದ ಶುರುಮಾಡಿದೆ. ದೀಪ ಹತ್ತಿದ್ದು, ರೇಷ್ಮೆ ಸೀರೆಯವಳು, ಆಕೆಯನ್ನು ಸಾಲುಸಾಲಾಗಿ ಹುಡುಕಿದ್ದು, ಕೊನೆಯ ಹಗ್ಗ ಬರದಿರಲಿ ಎಂದು ಬೇಡಿಕೊಂಡದ್ದು, ಅದನ್ನೂ ಹೇಳಿದೆ. ಅಲ್ಲಿ ಆಕೆ ಒಂದು ಕ್ಷಣ ಕಣ್ಣು ಕೆಳಗೆ ಹಾಕಿದಳು. ಆಮೇಲೆ ಇನ್ನಷ್ಟು ಹತ್ತಿರ ಸರಿದು ಕೂತು ಕೇಳಿದಳು:

“ಹಗ್ಗ ಬಿಟ್ಟ ಮ್ಯಾಲೆ ಮೊದಲು ಯಾವ ಕಡಿ ಸರೀತು, ಅಕ್ಕಾ? ಮುಂದಕ್ಕೋ, ಹಿಂದಕ್ಕೋ?”

“ಎರಡೂ ಅಲ್ಲ,” ಎಂದೆ. “ಪಕ್ಕಕ್ಕ. ನಿಂತಂಗೇ ನಿಂತು, ಪಕ್ಕಕ್ಕ ಸರೀತು.”